ಭಟ್ಕಳ: ಅಳಿದ ವಾಣಿಜ್ಯ, ಉಳಿದ ದಾನ

ಚಾತುರ್ಮಾಸ ಮುಗಿದು ಚಳಿಗಾಲ ಕಾಲಿಡುತ್ತಿದ್ದಂತೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗಗಳ ಅನೇಕ ಶ್ರಾವಕ ಕುಟುಂಬಗಳು ಕರಾವಳಿಯ ಕ್ಷೇತ್ರದರ್ಶನಕ್ಕೆ ಹೊರಡುವುದು ವಾಡಿಕೆ. ಧರ್ಮಸ್ಥಳ, ವೇಣೂರು, ಮೂಡುಬಿದಿರೆ, ಕಾರ್ಕಳ, ವರಂಗ ಇವು ಯಾತ್ರೆಯ ನಿಶ್ಚಿತ ನಿಲ್ದಾಣಗಳು. ಇನ್ನೂ ಉತ್ತರಕ್ಕೆ ಹೋಗುವವರು ಮುರುಡೇಶ್ವರದ ಕಡಲತೀರವನ್ನು ನೋಡಿ ಹಿಂದಿರುಗುತ್ತಾರೆ. ಈ ಎರಡರ ನಡುವೆ ಹೆದ್ದಾರಿಯ ಮೇಲೆಯೇ ಇರುವ ಭಟ್ಕಳದಲ್ಲಿ ಇಳಿಯುವವರು ವಿರಳ. ಒಂದು ಕಾಲದಲ್ಲಿ ಅರಬ್ಬಿ ಸಮುದ್ರದಾಚೆಗೂ ಹೆಸರಾಗಿದ್ದ, ಜಿನಧರ್ಮಾನುಯಾಯಿಗಳಾದ ಅರಸರೂ ಅರಸಿಯರೂ ಆಳಿದ ರೇವುಪಟ್ಟಣವಿದು. ಅದರ ಇತಿಹಾಸವನ್ನು ಅರಿಯುವುದು ಕೇವಲ ಕುತೂಹಲದ ವಿಷಯವಲ್ಲ. ಸಂಪತ್ತು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ, ಹೋದ ಮೇಲೆ ಏನು ಉಳಿಯುತ್ತದೆ ಎಂಬ ಪಾಠ ಅಲ್ಲಿದೆ. ವ್ಯಾಪಾರವೃತ್ತಿಯನ್ನೇ ನಂಬಿರುವ ನಮ್ಮ ಸಮಾಜಕ್ಕೆ ಅದು ಹತ್ತಿರದ ಪಾಠ.

ಊರು ಮತ್ತು ಅದರ ಹೆಸರು

ಭಟ್ಕಳ ಉತ್ತರ ಕನ್ನಡ ಜಿಲ್ಲೆಯ ದಕ್ಷಿಣದ ಅಂಚಿನ ತಾಲ್ಲೂಕು ಕೇಂದ್ರ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಸಾಲು, ನಡುವೆ ಕಿರಿದಾದ ಬಯಲು. ಊರನ್ನು ಬಳಸಿ ಹರಿಯುವ ಶರಾಬಿ ಹೊಳೆ ಸಮೀಪದಲ್ಲೇ ಕಡಲನ್ನು ಸೇರುತ್ತದೆ. ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಿ, ಚಿಕ್ಕ ದೋಣಿಗಳು ಹೊಳೆಯ ಮೂಲಕ ಸರಕನ್ನು ಒಳಗೆ ತರುತ್ತಿದ್ದ ಕಾಲಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇಕಿರಲಿಲ್ಲ.

ಊರಿನ ಹೆಸರಿನ ವಿಷಯದಲ್ಲಿ ನಮ್ಮವರಲ್ಲಿ ಒಂದು ಪ್ರತೀತಿಯಿದೆ. ಹಾಡುವಳ್ಳಿಯ ಜೈನ ವೈಯಾಕರಣ ಭಟ್ಟಾಕಳಂಕದೇವನಿಂದ ಭಟ್ಕಳ ಎಂಬ ಹೆಸರು ಬಂದಿತೆಂದು ಹೇಳುತ್ತಾರೆ; ಹಳೆಯ ಗೆಜೆಟಿಯರುಗಳಲ್ಲಿಯೂ ಈ ಮಾತು ಸೇರಿದೆ. ಕೇಳಲು ಹಿತವಾದ ಮಾತೇ ಹೌದು. ಆದರೆ ಭಟ್ಟಾಕಳಂಕನು ತನ್ನ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ್ದು 1604ರಲ್ಲಿ. ಅದಕ್ಕೆ ನೂರು ವರ್ಷ ಮೊದಲೇ, 1502ರಲ್ಲಿ, ವಾಸ್ಕೋ ಡ ಗಾಮನ ಎರಡನೆಯ ಯಾನದ ವೇಳೆಗೆ ಪೋರ್ಚುಗೀಜರು ಈ ಊರನ್ನು ‘ಬಟೆಕಲ’ ಎಂದೇ ಕರೆಯುತ್ತಿದ್ದರು. ಆದ್ದರಿಂದ ಹೆಸರು ಆ ವೈಯಾಕರಣನಿಗಿಂತ ಹಳೆಯದು. ಸತ್ಯಾಣುವ್ರತ ಅಂಗಡಿಯ ಮಾತಿಗೆ ಮಾತ್ರ ಅನ್ವಯಿಸುವುದಲ್ಲ, ಚರಿತ್ರೆಯ ಮಾತಿಗೂ ಅನ್ವಯಿಸುತ್ತದೆ. ಇಲ್ಲದ ಹೆಮ್ಮೆಯನ್ನು ನಾವು ಹೇಳಿಕೊಂಡರೆ, ಇರುವ ನಿಜವಾದ ಹೆಮ್ಮೆಯನ್ನೂ ಹೊರಗಿನವರು ಸಂಶಯದಿಂದ ನೋಡುವಂತಾಗುತ್ತದೆ. ಭಟ್ಕಳದ ವಿಷಯದಲ್ಲಿ ನಿಜವಾದ ಹೆಮ್ಮೆಗೆ ಕೊರತೆಯಿಲ್ಲ.

ಹೇರೆತ್ತು, ಅಕ್ಕಿ, ಕುದುರೆ

ವಿಜಯನಗರ ಸಾಮ್ರಾಜ್ಯಕ್ಕೆ ಪಶ್ಚಿಮ ಸಮುದ್ರದ ಕಡೆ ಇದ್ದ ಮುಖ್ಯ ಬಾಗಿಲುಗಳಲ್ಲಿ ಭಟ್ಕಳ ಒಂದು. ಹದಿನಾರನೆಯ ಶತಮಾನದ ಆರಂಭದಲ್ಲಿ ಕರಾವಳಿಯನ್ನು ಕಂಡ ದುವಾರ್ತೆ ಬಾರ್ಬೋಸ ಇಲ್ಲಿನ ವ್ಯಾಪಾರವನ್ನು ವರ್ಣಿಸಿದ್ದಾನೆ. ಅಕ್ಕಿ, ಸಕ್ಕರೆ, ಕಬ್ಬಿಣ, ಅಳಲೆಕಾಯಿ ಇಲ್ಲಿಂದ ಹೊರಡುತ್ತಿದ್ದವು. ಹೊರ್ಮುಜಿನಿಂದ ಕುದುರೆಗಳೂ ಮುತ್ತುಗಳೂ ಬಂದಿಳಿಯುತ್ತಿದ್ದವು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪಾಯೆಸ್ ಎಂಬ ಪ್ರವಾಸಿ, ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಒಳನಾಡಿನಿಂದ ಭಟ್ಕಳಕ್ಕೆ ಇಳಿದುಬರುತ್ತಿದ್ದವೆಂದೂ, ಇಪ್ಪತ್ತು ಮೂವತ್ತು ಎತ್ತುಗಳಿಗೆ ಒಬ್ಬ ಆಳು ಇರುತ್ತಿದ್ದನೆಂದೂ ಬರೆದಿದ್ದಾನೆ. 1510ರಲ್ಲಿ ಪೋರ್ಚುಗೀಜ್ ಅಧಿಪತಿ ಆಲ್ಬುಕರ್ಕ್ ಇಲ್ಲಿ ಕೋಟೆ ಕಟ್ಟಲು ಕೃಷ್ಣದೇವರಾಯನ ಅನುಮತಿ ಬೇಡಿದ್ದನೆಂಬುದೇ ಈ ರೇವಿನ ಬೆಲೆಯನ್ನು ತಿಳಿಸುತ್ತದೆ.

ಈ ವೈಭವವನ್ನು ಶ್ರಾವಕನ ಕಣ್ಣಿನಿಂದಲೂ ನೋಡಬೇಕು. ಅಹಿಂಸಾಣುವ್ರತಕ್ಕೆ ಉಮಾಸ್ವಾತಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಇವು ಕೊಲ್ಲುವ ಮಾತಲ್ಲ, ದಿನದ ವ್ಯವಹಾರದಲ್ಲಿ ಯಾರಿಗೂ ಪಾಪವೆಂದು ತೋರದೆ ನಡೆದುಹೋಗುವ ಸಂಗತಿಗಳು. ಘಟ್ಟವನ್ನು ಹತ್ತಿ ಇಳಿಯುವ ಹೇರೆತ್ತಿಗೆ ಈ ಪಟ್ಟಿಯ ನಾಲ್ಕನೆಯ ಮಾತು ಎಷ್ಟು ನೇರವಾಗಿ ಸಲ್ಲುತ್ತದೆ!

ಕುದುರೆಗಳ ಪಾಡು ಇನ್ನೂ ಕಠಿಣ. ಸಾಳುವ ನರಸಿಂಹನು ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಸಾವಿರ ಪರ್ದಾವಿಗೆ ಮೂರರಂತೆ ಕೊಳ್ಳುತ್ತಿದ್ದನೆಂದೂ, ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಪೂರ್ತಿ ಹಣ ಸಲ್ಲುತ್ತಿತ್ತೆಂದೂ ನೂನಿಜ್ ಬರೆದಿದ್ದಾನೆ. ವಾಣಿಜ್ಯದ ಲೆಕ್ಕದಲ್ಲಿ ಇದು ಮಾರಾಟಗಾರನಿಗೆ ದೊರೆತ ಉದಾರ ಭರವಸೆ. ಆದರೆ ಸತ್ತ ಪ್ರಾಣಿಗೂ ಬದುಕಿದ ಪ್ರಾಣಿಯಷ್ಟೇ ಬೆಲೆ ಬರುವುದಾದರೆ ದಾರಿಯಲ್ಲಿ ಅದಕ್ಕೆ ನೀರು ಮೇವು ಕೊಡುವ ಕಾಳಜಿ ಯಾರಿಗೆ ಇರುತ್ತದೆ? ನಷ್ಟವಿಲ್ಲದ ಕಡೆ ಕರುಣೆ ಬಾಡುತ್ತದೆ ಎಂಬುದನ್ನು ವ್ಯಾಪಾರ ಬಲ್ಲವರು ಒಪ್ಪುತ್ತಾರೆ.

ಕುದುರೆಯ ವ್ಯಾಪಾರ ಮನುಷ್ಯರ ರಕ್ತವನ್ನೂ ಹರಿಸಿತು. ಭಟ್ಕಳದ ಮುಸ್ಲಿಂ ವರ್ತಕರು ದಖನ್ನಿನ ಸುಲ್ತಾನರಿಗೆ ಕುದುರೆ ಮಾರಿದರೆಂಬ ಕಾರಣಕ್ಕೆ ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ವಿಜಯನಗರದ ಅರಸನ ಆಜ್ಞೆಯಂತೆ ಅವರ ಸಂಹಾರ ನಡೆಯಿತೆಂದೂ, ಉಳಿದವರು ಗೋವೆಗೆ ಓಡಿಹೋಗಿ ಅಲ್ಲಿ ನೆಲೆಸಿದರೆಂದೂ ಪೋರ್ಚುಗೀಜ್ ಇತಿಹಾಸಕಾರ ಬಾರೋಸ್ ಹೇಳುತ್ತಾನೆ. ಯುದ್ಧಕ್ಕೆ ಬೇಕಾದ ಸರಕನ್ನು ನಂಬಿದ ಪಟ್ಟಣ ಯುದ್ಧದ ಬೆಂಕಿಯಿಂದ ದೂರ ಉಳಿಯಲಾರದು.

ಸಾಳುವರು ಮತ್ತು ಪೋರ್ಚುಗೀಜರು

ಭಟ್ಕಳ, ಹಾಡುವಳ್ಳಿ, ಗೇರುಸೊಪ್ಪೆಗಳನ್ನು ಆಳಿದವರು ವಿಜಯನಗರಕ್ಕೆ ಅಧೀನರಾದ, ಜೈನಧರ್ಮಾವಲಂಬಿಗಳಾದ ಸಾಳುವ ಅರಸರು. ಇವರಲ್ಲಿ ಅಳಿಯಸಂತಾನದ ಕ್ರಮವಿದ್ದುದರಿಂದ ಸ್ತ್ರೀಯರು ಸಿಂಹಾಸನವೇರುವುದು ಅಪರೂಪವಾಗಿರಲಿಲ್ಲ. ವಾಸ್ಕೋ ಡ ಗಾಮನು 1502ರಲ್ಲಿ ಇಲ್ಲಿಗೆ ಬಂದಾಗ ದೋಣಿಗಳನ್ನು ಸುಟ್ಟು, ಬಲವಂತದಿಂದ ವರ್ಷವರ್ಷವೂ ಅಕ್ಕಿಯ ಕಪ್ಪವನ್ನು ಒಪ್ಪಿಸಿಕೊಂಡನು. ಮುಂದೆ ಈ ಕಪ್ಪ ನಿಂತಾಗ, 1542ರಲ್ಲಿ, ಗೋವೆಯ ಗವರ್ನರ್ ಮಾರ್ತಿಂ ಅಫೊನ್ಸೊ ಡ ಸೋಜ ನೌಕಾಪಡೆಯೊಡನೆ ಬಂದು ಪಟ್ಟಣವನ್ನು ಸೂರೆಮಾಡಿ ಸುಟ್ಟನು. ಆಗ ಇಲ್ಲಿ ಆಳುತ್ತಿದ್ದವಳು ಒಬ್ಬ ರಾಣಿ.

ಮುಂದಿನ ಸಂಗತಿಯನ್ನು ವಾಚಕರು ಗಮನಿಸಬೇಕು. ಭಟ್ಕಳದ ಪಾರ್ಶ್ವನಾಥೇಶ್ವರ ಬಸದಿಯು ನಿರ್ಮಾಣವಾದದ್ದು ಶಾಲಿವಾಹನ ಶಕ 1465ರಲ್ಲಿ, ಎಂದರೆ 1543ರ ಸುಮಾರಿಗೆ. ಊರು ಸುಟ್ಟ ವರ್ಷದ ಬೆನ್ನಿಗೇ ಅಲ್ಲಿ ಬಸದಿಯೊಂದು ಎದ್ದಿತು! ಅಂಗಡಿ ಉಗ್ರಾಣಗಳನ್ನು ಕಳೆದುಕೊಂಡ ಜನ ಮೊದಲು ತಮ್ಮ ಮನೆಯನ್ನಷ್ಟೇ ಕಟ್ಟಿಕೊಳ್ಳುವುದು ಲೋಕರೂಢಿ. ಇವರು ಜಿನಾಲಯವನ್ನೂ ಕಟ್ಟಿದರು. ಈ ಒಂದು ತಾರೀಖು ಆ ಕಾಲದ ಶ್ರಾವಕರ ಮನೋಧರ್ಮವನ್ನು ನೂರು ಹೊಗಳಿಕೆಗಿಂತ ಚೆನ್ನಾಗಿ ಹೇಳುತ್ತದೆ.

1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ, ಈ ನಾಡನ್ನು ಆಳಿದವಳು ರಾಣಿ ಚೆನ್ನಭೈರಾದೇವಿ. ಗೇರುಸೊಪ್ಪೆ ರಾಜಧಾನಿ, ಹೊನ್ನಾವರ, ಭಟ್ಕಳಗಳು ಆಕೆಯ ರೇವುಗಳು. ಘಟ್ಟದ ಕಾಳುಮೆಣಸಿನ ವ್ಯಾಪಾರವೆಲ್ಲ ಆಕೆಯ ಕೈಯಲ್ಲಿದ್ದುದರಿಂದ ಪೋರ್ಚುಗೀಜರು ಆಕೆಯನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಅವರೊಡನೆ ಆಕೆ ಕೆಲವೊಮ್ಮೆ ವ್ಯಾಪಾರ ಮಾಡಿದಳು, ಕೆಲವೊಮ್ಮೆ ಹೋರಾಡಿದಳು. 1569ರಲ್ಲಿ ಹೊನ್ನಾವರ ಅವರ ವಶವಾಯಿತಾದರೂ ಆಕೆಯ ಆಳ್ವಿಕೆ ಕುಗ್ಗಲಿಲ್ಲ. ಕೊನೆಗೆ ಆಕೆಯನ್ನು ಸೋಲಿಸಿದವರು ಕಡಲಾಚೆಯವರಲ್ಲ, ನೆರೆಯ ಕೆಳದಿಯ ನಾಯಕರು. ಬಿಳಗಿಯ ಅರಸರೂ ಅವರೊಡನೆ ಕೈಜೋಡಿಸಿದರು. ವೃದ್ಧ ರಾಣಿ ಸೆರೆಯಲ್ಲಿಯೇ ಕೊನೆಯುಸಿರೆಳೆದಳೆಂದು ಪ್ರತೀತಿ. ಇಷ್ಟು ದೀರ್ಘಕಾಲ ರಾಜ್ಯವಾಳಿದ ಸ್ತ್ರೀಯರು ಭಾರತದ ಇತಿಹಾಸದಲ್ಲಿ ಅತಿ ವಿರಳ. ಶತಮಾನಗಳ ವಿಸ್ಮೃತಿಯ ಅನಂತರ 2025ರಲ್ಲಿ ಆಕೆಯ ಸ್ಮರಣಾರ್ಥ ಅಂಚೆಚೀಟಿಯನ್ನು ರಾಷ್ಟ್ರಪತಿಯವರು ಬಿಡುಗಡೆ ಮಾಡಿದ್ದು ಸಂತೋಷದ ಸಂಗತಿ.

ಕಲ್ಲಿನ ಬಸದಿಗಳು

ಭಟ್ಕಳದ ಬಸದಿಗಳಲ್ಲಿ ದೊಡ್ಡದು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. 1556ರಲ್ಲಿ ನಿರ್ಮಾಣವಾದ ಇದು ಇಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಮುಂಭಾಗದ ಅಗ್ರಶಾಲೆ, ನಡುವಿನ ಭೋಗಮಂಟಪ, ಮೇಲಂತಸ್ತುಳ್ಳ ಗರ್ಭಗೃಹ, ಎದುರಿಗೆ ಏಕಶಿಲೆಯ ಎತ್ತರದ ಮಾನಸ್ತಂಭ, ಹೀಗೆ ವಿಶಾಲವಾದ ಯೋಜನೆ ಇದರದು. ಘಟ್ಟದ ಮೇಲಿನ ಹೊಯ್ಸಳ ಬಸದಿಗಳನ್ನು ಕಂಡವರಿಗೆ ಮೊದಲ ನೋಟಕ್ಕೆ ಇದು ದೇವಾಲಯವೆಂದೇ ತೋರದು. ಶಿಖರವಿಲ್ಲ. ಮಾಡು ಇಳಿಜಾರಾಗಿದೆ. ಮನೆಗೆ ಹಂಚು ಅಥವಾ ಹುಲ್ಲು ಹೊದಿಸುವ ಕ್ರಮದಲ್ಲಿಯೇ ಭಾರಿ ಕಲ್ಲುಚಪ್ಪಡಿಗಳನ್ನು ಹೊದಿಸಿದ್ದಾರೆ. ಗೋಡೆಯ ಬದಲು ಕೆಲವೆಡೆ ಕಲ್ಲಿನ ಜಾಲಂಧ್ರಗಳಿವೆ.

ಇದಕ್ಕೆ ಕಾರಣ ಮಳೆ. ಬೆಂಗಳೂರಿನಲ್ಲಿ ವರ್ಷವಿಡೀ ಸುರಿಯುವುದರ ಮೂರು ಪಟ್ಟಿಗೂ ಮಿಕ್ಕಿದ ಮಳೆ ಇಲ್ಲಿ ನಾಲ್ಕು ತಿಂಗಳಿನಲ್ಲಿ ಸುರಿಯುತ್ತದೆ. ಚಪ್ಪಟೆ ಮಾಡು ಅಲ್ಲಿ ನಿಲ್ಲದು. ಇಳಿಜಾರು ಮಾಡು ನೀರನ್ನು ಹರಿಯಬಿಡುತ್ತದೆ. ಜಾಲಂಧ್ರ ಇರಿಚಲನ್ನು ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುತ್ತದೆ. ಮರದ ಮನೆಯ ವಿದ್ಯೆಯನ್ನು ಕಲ್ಲಿಗೆ ಇಳಿಸಿದ ಈ ಶಿಲ್ಪಿಗಳ ಜಾಣ್ಮೆಯನ್ನು ಕಂಡ ಪಾಶ್ಚಾತ್ಯ ವಿದ್ವಾಂಸ ಫರ್ಗುಸನ್, ಕೆನರಾದ ಬಸದಿಗಳನ್ನು ದೂರದ ನೇಪಾಳದ ಕಟ್ಟಡಗಳೊಡನೆ ಹೋಲಿಸಿದನು. ನಾಲ್ಕೂವರೆ ಶತಮಾನಗಳ ಮಳೆಯನ್ನು ತಡೆದುಕೊಂಡು ನಿಂತಿರುವ ಈ ಮಾಡುಗಳ ಮುಂದೆ, ಇಪ್ಪತ್ತು ವರ್ಷಕ್ಕೆ ಸೋರುವ ನಮ್ಮ ಕಾಂಕ್ರೀಟು ಸಭಾಭವನಗಳನ್ನು ನೆನೆದರೆ ವಿನಯ ತಾನಾಗಿ ಬರುತ್ತದೆ.

ಇದೇ ಊರಿನಲ್ಲಿ ಕೇತಪೈ ನಾರಾಯಣ ದೇವಾಲಯವೂ ಇದೆ. ಹದಿನಾರನೆಯ ಶತಮಾನದ ಮಧ್ಯಭಾಗದ ಈ ಗುಡಿಯನ್ನು ಕಟ್ಟಿಸಿದವನು ಅರಸನಲ್ಲ, ಕೇತಪೈ ಎಂಬ ಕೊಂಕಣಿ ವರ್ತಕ. ಇದರ ಹೊರಗೋಡೆಯ ರಾಮಾಯಣದ ಕೆತ್ತನೆಗಳು ಬಹು ಸೊಗಸಾಗಿವೆ. ಸಮೀಪದಲ್ಲಿ ನವಾಯತ ಮುಸಲ್ಮಾನರ ಪ್ರಾಚೀನ ಜಾಮಿಯಾ ಮಸೀದಿ ಇದೆ. ಜನ ಅದನ್ನು ‘ಚಿನ್ನದ ಪಳ್ಳಿ’ ಎನ್ನುತ್ತಾರೆ. ಜೈನ ಅರಸರ ಆಳ್ವಿಕೆಯ ಒಂದೇ ಪಟ್ಟಣದಲ್ಲಿ ವೈಷ್ಣವ ವರ್ತಕನು ಗುಡಿಯನ್ನು ಕಟ್ಟಿಸಿದನು, ಅರಬ್ ಮೂಲದ ವರ್ತಕರು ನಮಾಜು ಮಾಡಿದರು. ಅನೇಕಾಂತವನ್ನು ಪುಸ್ತಕದಲ್ಲಿ ಓದುವ ನಮಗೆ ಅದು ಬೀದಿಯಲ್ಲಿ ಹೇಗೆ ಕಾಣುತ್ತದೆಂಬುದನ್ನು ಭಟ್ಕಳದ ಹಳೆಯ ಪೇಟೆ ತೋರಿಸುತ್ತದೆ. 1993ರಲ್ಲಿ ಅಲ್ಲಿ ತಿಂಗಳುಗಟ್ಟಲೆ ನಡೆದ ಕೋಮುಗಲಭೆಯಿಂದಾಗಿ ಊರಿನ ಹೆಸರನ್ನು ಬೇರೆ ಬಗೆಯಲ್ಲಿ ಕೇಳಿದವರು ಈ ಹಳೆಯ ಮುಖವನ್ನೂ ಅರಿಯಬೇಕು.

ಹಾಡುವಳ್ಳಿ ಮತ್ತು ಗೇರುಸೊಪ್ಪೆ

ಭಟ್ಕಳದಿಂದ ಪೂರ್ವಕ್ಕೆ, ಘಟ್ಟದ ಬುಡದ ಕಡೆಗೆ ಹೋದರೆ ಹಾಡುವಳ್ಳಿ ಸಿಗುತ್ತದೆ. ಶಾಸನಗಳಲ್ಲಿ ಇದರ ಹೆಸರು ಸಂಗೀತಪುರ. ಇಲ್ಲಿನ ಬಸದಿ ಇಪ್ಪತ್ತನಾಲ್ಕು ತೀರ್ಥಂಕರರ ಬಿಂಬಗಳಿಗೆ ಹೆಸರಾಗಿದೆ. ಇಲ್ಲಿಯ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕನು ಸಂಸ್ಕೃತದ 592 ಸೂತ್ರಗಳಲ್ಲಿ ಕನ್ನಡಕ್ಕೆ ವ್ಯಾಕರಣವನ್ನು ರಚಿಸಿ, ವೃತ್ತಿ ವ್ಯಾಖ್ಯಾನಗಳನ್ನೂ ತಾನೇ ಬರೆದನು. ವೇಣೂರಿನಲ್ಲಿ 35 ಅಡಿಯ ಬಾಹುಬಲಿಯ ಪ್ರತಿಷ್ಠೆಯಾದದ್ದೂ ಅದೇ 1604ರಲ್ಲಿ. ಒಂದೇ ವರ್ಷದಲ್ಲಿ ಒಂದೇ ಕರಾವಳಿಯಲ್ಲಿ ಒಂದು ಮಹಾಮೂರ್ತಿ, ಒಂದು ಮಹಾಗ್ರಂಥ! ಮೂರ್ತಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. ಗ್ರಂಥವನ್ನು ಬಿಡಿಸಿ ಓದುವವರು ಎಷ್ಟು ಮಂದಿ ಇದ್ದಾರೆ?

ಗೇರುಸೊಪ್ಪೆ ಹೊನ್ನಾವರದಿಂದ ಶರಾವತಿಯ ಮೇಲ್ಗಡೆಗೆ ಹೋದರೆ ಸಿಗುವ ಸ್ಥಳ. ಅಲ್ಲಿ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿ ನಿಂತಿದೆ. ಅದರ ಗರ್ಭಗೃಹದಲ್ಲಿ ನಾಲ್ಕು ಜಿನಬಿಂಬಗಳು ನಾಲ್ಕು ದಿಕ್ಕಿಗೆ ಮುಖಮಾಡಿ ಕುಳಿತಿವೆ. ಶಾಸನಗಳು ಕ್ಷೇಮಪುರವೆಂದು ಕರೆದ ಈ ರಾಜಧಾನಿಯಲ್ಲಿ ಅಂಬವಣ ಶ್ರೇಷ್ಠಿ ಎಂಬ ವರ್ತಕನಿದ್ದನು. ತನ್ನ ಅಜ್ಜ ಕಟ್ಟಿಸಿದ ನೇಮಿನಾಥ ಚೈತ್ಯಾಲಯದ ಎದುರಿಗೆ ಅವನು ಕಂಚಿನ ಮಾನಸ್ತಂಭವನ್ನು ಮಾಡಿಸಿದನೆಂದು ಹದಿನಾರನೆಯ ಶತಮಾನದ ಶಾಸನ ತಿಳಿಸುತ್ತದೆ. ಅವನ ಹಡಗುಗಳೆಷ್ಟು, ಹೇರೆತ್ತುಗಳೆಷ್ಟು, ಉಗ್ರಾಣದ ದಾಸ್ತಾನೆಷ್ಟು ಎಂಬುದನ್ನು ಶಾಸನ ಬರೆದಿಡಲಿಲ್ಲ. ಕೊಟ್ಟದ್ದನ್ನು ಮಾತ್ರ ಬರೆದಿಟ್ಟಿತು. ವರ್ತಕನ ಖಾತೆಯಲ್ಲಿ ಜಮೆಯ ಪುಟ ಅಳಿದು ಖರ್ಚಿನ ಒಂದು ಪುಟ ಮಾತ್ರ ಉಳಿದಿದೆ; ಅದೇ ಅವನನ್ನು ನೆನಪಿನಲ್ಲಿಟ್ಟಿದೆ.

ಇಳಿಗಾಲ

ಚೆನ್ನಭೈರಾದೇವಿಯ ಪತನದೊಡನೆ ಈ ನಾಡಿನ ಜೈನ ಪ್ರಭುತ್ವ ಕೊನೆಗೊಂಡಿತು. ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರು ಭಟ್ಕಳದಲ್ಲಿ ಕೋಠಿ ತೆರೆದರು. ಅದು ಹಾಳಾದ ಬಗೆಯನ್ನು ಹ್ಯಾಮಿಲ್ಟನ್ ಎಂಬ ನಾವಿಕ ಬರೆದಿಟ್ಟಿದ್ದಾನೆ. 1670ರ ಸುಮಾರಿಗೆ ಹಡಗಿನ ಕಪ್ತಾನನೊಬ್ಬ ಕೋಠಿಯ ಮುಖ್ಯಸ್ಥನಿಗೆ ಬೇಟೆನಾಯಿಯನ್ನು ಉಡುಗೊರೆ ಕೊಟ್ಟನಂತೆ. ಅದು ದೇವರಿಗೆ ಬಿಟ್ಟ ಹಸುವನ್ನು ಕೊಂದಿತಂತೆ. ರೊಚ್ಚಿಗೆದ್ದ ಜನ ಕೋಠಿಯ ಹದಿನೆಂಟು ಮಂದಿಯನ್ನೂ ಕೊಂದರಂತೆ. ಈ ಕಥೆಯನ್ನು ಗೋರಕ್ಷಣೆಯ ಸಾಹಸವೆಂದು ಹೇಳುವವರಿದ್ದಾರೆ. ಶ್ರಾವಕನಿಗೆ ಹಾಗೆ ಹೇಳಲು ಬಾರದು. ಮೋಜಿಗಾಗಿ ಬೇಟೆಯಾಡುವುದು ಸಪ್ತವ್ಯಸನಗಳಲ್ಲಿ ಒಂದು. ಹಸುವಿನ ಸಾವು ಅದರ ಫಲ. ಆದರೆ ಒಂದು ಪಂಚೇಂದ್ರಿಯ ಜೀವದ ಸಾವಿಗೆ ಪ್ರತಿಯಾಗಿ ಹದಿನೆಂಟು ಪಂಚೇಂದ್ರಿಯ ಜೀವಗಳನ್ನು ಕೊಂದರೆ ಹಿಂಸೆಯ ಮೊತ್ತ ಹತ್ತೊಂಬತ್ತಾಗುತ್ತದೆಯೇ ಹೊರತು ಸೊನ್ನೆಯಾಗದು. ಹಿಂಸೆಯಲ್ಲಿ ವಜಾಬಾಕಿಯ ಲೆಕ್ಕವಿಲ್ಲ.

1801ರಲ್ಲಿ ಬುಕಾನನ್ ಬಂದಾಗ ಭಟ್ಕಳ ಸುಮಾರು ಐನೂರು ಮನೆಗಳ ಊರಾಗಿತ್ತು. ಮೆಣಸಿನ ಪೇಟೆ ಬೇರೆಡೆಗೆ ಹೋಗಿತ್ತು. ಈಗ ಭಟ್ಕಳ ಮೀನುಗಾರಿಕೆ, ಮಲ್ಲಿಗೆ ಹೂವು, ಕೊಲ್ಲಿ ದೇಶಗಳಲ್ಲಿ ದುಡಿಯುವವರು ಕಳುಹಿಸುವ ಹಣ ಇವುಗಳ ಮೇಲೆ ನಿಂತ ಊರು. 1919ರಲ್ಲಿ ಸ್ಥಾಪಿತವಾದ ಅಂಜುಮನ್ ಸಂಸ್ಥೆ ಅಲ್ಲಿ ವಿದ್ಯಾದಾನ ಮಾಡುತ್ತಿದೆ. ಜೈನ ಮನೆಗಳು ಬಹಳ ಕಡಿಮೆ.

ಯಾತ್ರಿಗಳೂ ಟ್ರಸ್ಟುಗಳೂ ಮಾಡಬಹುದಾದದ್ದು

ಬೆಂಗಳೂರಿನಿಂದ ಭಟ್ಕಳಕ್ಕೆ ಹೋಗುವುದು ಈಗ ಕಷ್ಟವಲ್ಲ. ಕಾರವಾರಕ್ಕೆ ಹೋಗುವ ಪಂಚಗಂಗಾ ರೈಲನ್ನು ಸಂಜೆ ಹಿಡಿದರೆ ಬೆಳಿಗ್ಗೆ ಅಲ್ಲಿರಬಹುದು. ಒಂದು ದಿನ ಭಟ್ಕಳದ ಬಸದಿಗಳು ಮತ್ತು ಹಾಡುವಳ್ಳಿ, ಮರುದಿನ ಹೊನ್ನಾವರದ ಮೂಲಕ ಗೇರುಸೊಪ್ಪೆ, ಹೀಗೆ ಎರಡು ದಿನ ಸಾಕು. ನಡುವೆ ಮುರುಡೇಶ್ವರದ 237 ಅಡಿಯ ರಾಜಗೋಪುರವನ್ನೂ ಕಡಲತೀರವನ್ನೂ ಮಕ್ಕಳಿಗೆ ತೋರಿಸಬಹುದು.

ಟ್ರಸ್ಟುಗಳಿಗೆ ಇನ್ನೊಂದು ಮಾತು. ಹಳೆಯ ಬಸದಿಯನ್ನು ಕಂಡೊಡನೆ ಬಣ್ಣ ಬಳಿಸಬೇಕು, ಟೈಲ್ಸ್ ಹಾಕಿಸಬೇಕು, ಪಕ್ಕದಲ್ಲಿ ಯಾತ್ರಿನಿವಾಸ ಕಟ್ಟಿಸಬೇಕು ಎಂಬ ಉತ್ಸಾಹ ನಮ್ಮ ದಾನಿಗಳಿಗೆ ಬರುತ್ತದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆಗಿನ 200 ಮೀಟರು ನಿಯಂತ್ರಿತ ಪ್ರದೇಶ. 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಿಂದ ಈ ನಿಯಮ ಬಂದಿದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳ ಮೋಸ, ಕಲಬೆರಕೆಗಳ ಜೊತೆಗೆ ರಾಜ್ಯನಿಯಮದ ಉಲ್ಲಂಘನೆಯನ್ನೂ ಆಚಾರ್ಯರು ಸೇರಿಸಿದ್ದಾರೆ. ನಿಯಮ ಮೀರಿ ಕಟ್ಟಿದ ಧರ್ಮಶಾಲೆಯೂ ಆ ಅತಿಚಾರದಿಂದ ಹೊರತಲ್ಲ.

ಹಾಗಾದರೆ ದಾನ ಮಾಡುವುದು ಹೇಗೆ? ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಭಟ್ಕಳಕ್ಕೆ ಇಂದು ಬೇಕಾದದ್ದು ಶಾಸ್ತ್ರದಾನ. ಅಲ್ಲಿಯ ಮತ್ತು ಹಾಡುವಳ್ಳಿ, ಗೇರುಸೊಪ್ಪೆಗಳ ಶಾಸನಗಳನ್ನು ಸರಳ ಕನ್ನಡದ ಅರ್ಥಸಹಿತ ಪುಸ್ತಕವಾಗಿ ಮುದ್ರಿಸಬಹುದು. ಹಳಗನ್ನಡವನ್ನೂ ಶಾಸನಶಾಸ್ತ್ರವನ್ನೂ ಓದುವ ಒಬ್ಬಿಬ್ಬರು ವಿದ್ಯಾರ್ಥಿಗಳಿಗೆ ವೇತನ ಕೊಡಬಹುದು. ಇಲಾಖೆಯ ಅನುಮತಿ ಪಡೆದು ಬಿಂಬಗಳ ಛಾಯಾಚಿತ್ರಸಹಿತ ಪಟ್ಟಿಯನ್ನು ತಯಾರಿಸಬಹುದು. ಪಟ್ಟಿಯಿಲ್ಲದ ದಾಸ್ತಾನು ಕಳುವಾದರೂ ತಿಳಿಯುವುದಿಲ್ಲ ಎಂಬುದನ್ನು ವರ್ತಕರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಅಮೃತಶಿಲೆಯ ಕಮಾನಿಗೆ ತಗಲುವ ಹಣದಲ್ಲಿ ಈ ಮೂರೂ ಕೆಲಸಗಳು ನಡೆದಾವು.

ಭಟ್ಕಳದ ಕುದುರೆಗಳು ಹೋದವು, ಮೆಣಸಿನ ಮೂಟೆಗಳು ಹೋದವು, ಅದನ್ನು ಸೂರೆಗೊಂಡ ನೌಕಾಪಡೆಗಳೂ ಹೋದವು. ಜಟ್ಟಪ್ಪ ನಾಯಕನು ಕಟ್ಟಿಸಿದ ಕಲ್ಲುಮಾಡು ಈ ವರ್ಷದ ಮಳೆಗಾಲವನ್ನೂ ತಡೆದುಕೊಳ್ಳುತ್ತದೆ. ಅದರ ಕೆಳಗೆ ನಿಂತು ಚಂದ್ರನಾಥಸ್ವಾಮಿಗೆ ಕೈಮುಗಿಯಲು ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗುವ ಕೆಲಸವಾದರೂ ನಮ್ಮದಾಗಲಿ.